ಚಿಕ್ಕ ಮಕ್ಕಳ ಜೊತೆ ಥಾರ್ ಮರುಭೂಮಿಗೆ: ಜಾಗಗಳ ಪಟ್ಟಿಗಿಂತ ಮೊದಲು ಮಗುವಿನ ದಿನಚರಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಎಂದಿನ ಹಾಗೆ ಇಲ್ಲಿ ಬರಹದಲ್ಲಿ ಕೊಡ್ತಿದ್ದೀನಿ. ಪ್ರವಾಸಕ್ಕೆ ಟಿಕೆಟ್ ಮಾಡಿಸೋವಾಗ ಓದಿಕೊಳ್ಳೋಕೆ ವಿಡಿಯೋಗಿಂತ ಇದೇ ಅನುಕೂಲ.

ಗುರುಗ್ರಾಮದಲ್ಲಿ ಇರೋ ಕನ್ನಡದ ಮನೆಗಳಲ್ಲಿ ಚಳಿಗಾಲ ಬಂತು ಅಂದ್ರೆ ಒಂದೇ ಮಾತು: ರಾಜಸ್ಥಾನಕ್ಕೆ ಹೋಗಿ ಬರೋಣ. ಊರಿಂದ ಅಜ್ಜ ಅಜ್ಜಿ ಬಂದಿರ್ತಾರೆ, ಹರಿಯಾಣದ ಶಾಲೆಗಳಿಗೆ ಸಾಮಾನ್ಯವಾಗಿ ಜನವರಿ 1ರಿಂದ 15ರವರೆಗೆ ರಜೆ ಇರುತ್ತೆ, ನವೆಂಬರ್‌ನಿಂದಲೂ ಇಲ್ಲಿನ ಹೊಗೆ ಕುಡಿದು ಎಲ್ಲರಿಗೂ ಸಾಕಾಗಿರುತ್ತೆ. ನಕ್ಷೆಯಲ್ಲಿ ನಮ್ಮಿಂದ ನೈಋತ್ಯಕ್ಕೆ ಒಂದು ಗೆರೆ ಎಳೆದರೆ ಜೋಧ್‌ಪುರ, ಜೈಸಲ್ಮೇರ್. ಹೋಗೋದೇನೂ ಕಷ್ಟ ಇಲ್ಲ. ಆದರೆ ಎರಡು ವರ್ಷದ್ದು ಒಂದು, ಆರು ವರ್ಷದ್ದು ಒಂದು ಮಗು ಜೊತೆಗಿದ್ದಾಗ ದೊಡ್ಡವರ ಪ್ರವಾಸದ ಪಟ್ಟಿಯನ್ನೇ ಹಿಡ್ಕೊಂಡು ಹೊರಟರೆ, ಮೂರನೇ ದಿನಕ್ಕೆ ಯಾರೋ ಒಬ್ಬರು ಹುಷಾರು ತಪ್ಪಿರ್ತಾರೆ.

ನಾನು ಹೇಳೋದು ಒಂದೇ ವಿಷಯ. ಮರುಭೂಮಿ ಪ್ರವಾಸವನ್ನ ಮಗುವಿನ ದಿನದಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬರಬೇಕು. ಯಾವ ಕೋಟೆ, ಯಾವ ಹೋಟೆಲ್ ಅನ್ನೋದೆಲ್ಲ ಆಮೇಲೆ.

ದಿನಕ್ಕೆ ಎರಡೇ ಹೊತ್ತು

ಚಿಕ್ಕ ಮಗು ಬೆಳಗ್ಗೆ 7ಕ್ಕೆ ಎದ್ದು ರಾತ್ರಿ 8ಕ್ಕೆ ಮಲಗುತ್ತೆ ಅಂದ್ಕೊಳ್ಳಿ. 13 ಗಂಟೆ. ಅದರಲ್ಲಿ ಊಟ ತಿಂಡಿಗೆ 3 ಗಂಟೆ, ಮಧ್ಯಾಹ್ನದ ನಿದ್ದೆಗೆ 2, ಸ್ನಾನ ಬಟ್ಟೆ ಬರೆಗೆ ಒಂದೂವರೆ, ಸುಮ್ಮನೆ ಆಡೋದಕ್ಕೆ ಇನ್ನೊಂದೂವರೆ. ಉಳಿದದ್ದು 5 ಗಂಟೆ. ಅದೂ ಒಟ್ಟಿಗೆ ಸಿಗಲ್ಲ. ಬೆಳಗ್ಗೆ ಎಂಟೂವರೆಯಿಂದ 11 ಒಂದು ಹೊತ್ತು, ಸಂಜೆ 4ರಿಂದ ಆರೂವರೆ ಇನ್ನೊಂದು ಹೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಮ್ಮ ಹಾಸಿಗೆ ಇಷ್ಟೇ. ಒಂದು ಹೊತ್ತಿಗೆ ಒಂದು ಜಾಗ.

ಇಲ್ಲಿ ಒಂದು ಸಣ್ಣ ಭೂಗೋಳ. ಗುರುಗ್ರಾಮವೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, 77 ಡಿಗ್ರಿ ಪೂರ್ವದ ಆಸುಪಾಸು. ಜೈಸಲ್ಮೇರ್ 71 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷ ಅಂದ್ರೆ ಅಲ್ಲಿ ಸೂರ್ಯ ನಮಗಿಂತ ಸುಮಾರು 24 ನಿಮಿಷ ತಡ. ಜನವರಿಯಲ್ಲಿ ಅಲ್ಲಿ ಬೆಳಕು ಹರಿಯೋದೇ ಏಳೂವರೆ ಹೊತ್ತಿಗೆ, ಮುಳುಗೋದು 6ರ ಸುಮಾರಿಗೆ. ಹಾಗಾಗಿ "ಬೆಳಗ್ಗೆ 6ಕ್ಕೇ ಹೊರಡೋಣ" ಅನ್ನೋ ಉತ್ಸಾಹ ಅಲ್ಲಿ ಉಪಯೋಗಕ್ಕೆ ಬರಲ್ಲ. ಕತ್ತಲಲ್ಲಿ, ಚಳಿಯಲ್ಲಿ ಮಗುವನ್ನ ಎಬ್ಬಿಸಿದ್ದಷ್ಟೇ ಲಾಭ.

ಯಾವಾಗ ಹೋಗ್ಬೇಕು

ಬೇಸಿಗೆ ರಜೆಯ ಮಾತೇ ಬೇಡ. ಜೋಧ್‌ಪುರ ಜೈಸಲ್ಮೇರ್ ನಡುವೆ ಸಿಗೋ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಸಾಧಾರಣ ಮೇ ತಿಂಗಳಲ್ಲೇ ಜೈಸಲ್ಮೇರ್‌ನ ಹಗಲು 40 ದಾಟಿರುತ್ತೆ. ದೊಡ್ಡವರಿಗೆ ಹೋಲಿಸಿದ್ರೆ ಮಗುವಿನ ತೂಕಕ್ಕೆ ಚರ್ಮದ ವಿಸ್ತೀರ್ಣ ಜಾಸ್ತಿ, ಬೆವರೋ ಶಕ್ತಿ ಕಡಿಮೆ. ಹೊರಗಿನ ಗಾಳಿ ಮೈಗಿಂತ ಬಿಸಿ ಇದ್ದಾಗ ಮಗು ನಮಗಿಂತ ಬೇಗ ಕಾಯುತ್ತೆ.

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರ ಒಳ್ಳೆ ಕಾಲ. ಅದರಲ್ಲೂ ನವೆಂಬರ್ ಮತ್ತು ಫೆಬ್ರವರಿ ಮಕ್ಕಳಿಗೆ ಹೆಚ್ಚು ಹಿತ. ಜನವರಿಯಲ್ಲಿ ಹಗಲು 24 ಡಿಗ್ರಿ, ರಾತ್ರಿ 8ರ ಸುಮಾರು. ಪಟ್ಟಣದ ಹೊರಗೆ ಮರಳಿನ ದಿಬ್ಬಗಳ ಹತ್ತಿರ ಇನ್ನೂ ಕಡಿಮೆ.

ಒಂದೇ ದಿನದಲ್ಲಿ ಇಷ್ಟು ವ್ಯತ್ಯಾಸ ಯಾಕೆ? ನಮ್ಮ ಮಂಗಳೂರಿನ ಗಾಳಿಯಲ್ಲಿ ನೀರಾವಿ ತುಂಬಿರುತ್ತೆ. ನೆಲ ರಾತ್ರಿ ಹೊರಬಿಡೋ ಶಾಖವನ್ನ ಆ ನೀರಾವಿ ಕಂಬಳಿ ಥರ ತಡೆಯುತ್ತೆ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ ಬೀಳೋ ಜೈಸಲ್ಮೇರ್‌ನಲ್ಲಿ ಆ ಕಂಬಳಿ ಇಲ್ಲ. ಜೊತೆಗೆ ಒಣ ಮರಳು ಶಾಖವನ್ನ ಆಳಕ್ಕೆ ಇಳಿಸಿಕೊಳ್ಳಲ್ಲ, ಮೇಲ್ಮೈಯಲ್ಲೇ ಕಾದು ಮೇಲ್ಮೈಯಲ್ಲೇ ಆರುತ್ತೆ. ಹಾಗಾಗಿ ಸೂಟ್‌ಕೇಸಿನಲ್ಲಿ ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಇರಲಿ. 4 ಗಂಟೆಗೆ ಅಂಗಿ, ಐದೂವರೆಗೆ ಸ್ವೆಟರ್, ಆರೂವರೆಗೆ ಟೋಪಿ ಮತ್ತು ಕಾಲುಚೀಲ.

ಡಿಸೆಂಬರ್ 25ರಿಂದ ಹೊಸವರ್ಷದವರೆಗೆ, ಹಾಗೇ ಮಾಘ ಹುಣ್ಣಿಮೆಯ ಸುಮಾರಿಗೆ ನಡೆಯೋ ಮರು ಮಹೋತ್ಸವದ ಹೊತ್ತಿಗೆ ಕೋಣೆಗಳ ಬಾಡಿಗೆಯೂ ಜನಸಂದಣಿಯೂ ಏರಿರುತ್ತೆ. ಮಕ್ಕಳಿದ್ದವರು ಆ ದಿನಗಳನ್ನ ಬಿಡೋದು ಒಳ್ಳೇದು.

ಹೋಗೋ ದಾರಿ

ಚಳಿಗಾಲದ ಮರುಭೂಮಿ ಪ್ರವಾಸದಲ್ಲಿ ನನಗೆ ಹೆಚ್ಚು ಭಯ ಇರೋದು ನಮ್ಮ ಮನೆ ಹತ್ತಿರದ ಹೆದ್ದಾರಿಯ ಬಗ್ಗೆ. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಬೀಳೋ ಮಂಜು ಊರಿನ ಮುಂಜಾವಿನ ಇಬ್ಬನಿ ಥರ ಅಲ್ಲ, ಮುಂದಿನ ಲಾರಿಯ ದೀಪವೂ ಕಾಣಲ್ಲ. ನಸುಕಿನ 4ಕ್ಕೆ ಕಾರು ತೆಗೆದು "ಬೇಗ ತಲುಪೋಣ" ಅನ್ನೋ ಅಭ್ಯಾಸವನ್ನ ಈ ದಿನಗಳಲ್ಲಿ ಬಿಡ್ಲೇಬೇಕು. ಬಿಸಿಲು ಬಂದು ಮಂಜು ಕರಗಿದ ಮೇಲೇ ಹೊರಡಿ.

ಜೈಸಲ್ಮೇರ್ ನಮ್ಮಿಂದ ಸುಮಾರು 750 ಕಿಲೋಮೀಟರ್. ಕಾರಿನಲ್ಲಿ ಒಂದೇ ದಿನಕ್ಕೆ ಅದು ಮಕ್ಕಳ ಪ್ರಯಾಣ ಅಲ್ಲ. ಬಿಕಾನೇರ್‌ನಲ್ಲಿ ಒಂದು ರಾತ್ರಿ ತಂಗಿ. ಅಲ್ಲಿ 1984ರಲ್ಲಿ ಶುರುವಾದ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರ ಇದೆ. ಒಂಟೆಮರಿಗಳನ್ನ ನೋಡಬಹುದು, ಒಂಟೆ ಹಾಲಿನ ಐಸ್‌ಕ್ರೀಮ್ ತಿನ್ನಬಹುದು. ಮಕ್ಕಳಿಗೆ ಕೋಟೆಗಿಂತ ಇದೇ ಹೆಚ್ಚು ನೆನಪಿರುತ್ತೆ. ಕಾರಿನಲ್ಲಿ ಮಗು ತೊಡೆಮೇಲೆ ಕೂರಬಾರದು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ತಪ್ಪಿದರೆ 1000 ರೂಪಾಯಿ ದಂಡ. ದಂಡ ಹೋಗ್ಲಿ, ಹೆದ್ದಾರಿಯ ವೇಗದಲ್ಲಿ ಬ್ರೇಕ್ ಬಿದ್ದಾಗ ಯಾವ ತಾಯಿಯ ಕೈಗೂ ಮಗುವನ್ನ ಹಿಡಿದಿಡೋ ಬಲ ಇರಲ್ಲ.

ನನ್ನ ಆಯ್ಕೆ ರೈಲು. ದೆಹಲಿಯಿಂದ ಜೋಧ್‌ಪುರಕ್ಕೆ ಹೋಗೋ ಮಂಡೋರ್ ಎಕ್ಸ್‌ಪ್ರೆಸ್ ರಾತ್ರಿ ಗುರ್‌ಗಾಂವ್ ನಿಲ್ದಾಣದ ಮೂಲಕವೇ ಹೋಗುತ್ತೆ. ಮಕ್ಕಳು ಮಲಗಿರ್ತಾರೆ, ಬೆಳಗ್ಗೆ ಜೋಧ್‌ಪುರ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಬರ್ತ್ ಕೂಡ ಇಲ್ಲ. 5ರಿಂದ 12ರೊಳಗಿನವರಿಗೆ ಬರ್ತ್ ಬೇಕಂದ್ರೆ ಪೂರ್ತಿ ದರ. ಮಂಜಿನ ದಿನಗಳಲ್ಲಿ ರೈಲೂ ತಡ ಆಗುತ್ತೆ. ಅದಕ್ಕೇ ಮೊದಲ ದಿನ ಬೆಳಗ್ಗೆ ಏನನ್ನೂ ಇಟ್ಕೊಳ್ಳಬೇಡಿ.

ಆರು ದಿನ, ಎರಡೇ ಊರು

ದಿನ 1, ಜೋಧ್‌ಪುರ. ಬೆಳಗ್ಗೆ ವಿಶ್ರಾಂತಿ, ಸಂಜೆ ತೂರ್‌ಜಿ ಕಾ ಝಾಲರಾ ಮೆಟ್ಟಿಲುಬಾವಿ. ನೀರಿನಂಚಿಗೆ ಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ.

ದಿನ 2, ಬೆಳಗ್ಗೆ ರಾವ್ ಜೋಧಾ 1459ರಲ್ಲಿ ಕಟ್ಟಿಸಲು ಶುರುಮಾಡಿದ ಮೆಹ್ರಾನ್‌ಗಢ. ಮೇಲೆ ಹೋಗೋಕೆ ಲಿಫ್ಟ್ ಇದೆ, ಅಜ್ಜ ಅಜ್ಜಿಗೆ ಅನುಕೂಲ. ಸಂಜೆ ಕೋಟೆಯ ಪಕ್ಕದ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ.

ದಿನ 3, ಜೈಸಲ್ಮೇರ್‌ಗೆ ಸುಮಾರು 280 ಕಿಲೋಮೀಟರ್, ನಡುವೆ ನಿಲ್ಲಿಸಿಕೊಂಡು ಹೋದ್ರೆ 6 ಗಂಟೆ. ಆ ದಿನ ಬೇರೇನೂ ಬೇಡ. ಹಕ್ಕಿ ಅಂದ್ರೆ ಇಷ್ಟಪಡೋ ಮಕ್ಕಳಿದ್ರೆ ಸ್ವಲ್ಪ ಸುತ್ತು ಹಾಕಿ ಫಲೋದಿ ಪಕ್ಕದ ಖೀಚನ್‌ಗೆ ಹೋಗಿ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರೋ ಹಾಗೆ, ಇಲ್ಲಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಸಾವಿರಾರು ಕುರ್ಜಾ ಕೊಕ್ಕರೆಗಳು ಬರ್ತವೆ. ಊರಿನವರು ಅವಕ್ಕೆ ಕಾಳು ಹಾಕ್ತಾರೆ. 2025ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು.

ದಿನ 4, ಬೆಳಗ್ಗೆ ಜೈಸಲ್ಮೇರ್ ಕೋಟೆ. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ್ದು. ಒಳಗೆ ಇವತ್ತಿಗೂ ಜನ ಸಂಸಾರ ಮಾಡ್ಕೊಂಡಿದ್ದಾರೆ. ಕೋಟೆಯೊಳಗೆ ಸೈಕಲ್ ಹೊಡೆಯೋ ಹುಡುಗರನ್ನ ನೋಡಿದ್ರೆ ನಮ್ಮ ಮಕ್ಕಳಿಗೆ ಇತಿಹಾಸ ಬೇರೆ ಥರ ಅರ್ಥ ಆಗುತ್ತೆ. ಸಂಜೆ ಗಡೀಸರ್ ಕೆರೆ.

ದಿನ 5, ಬೆಳಗ್ಗೆ 17 ಕಿಲೋಮೀಟರ್ ದೂರದ ಆಕಲ್ ಪಳೆಯುಳಿಕೆ ಉದ್ಯಾನ, ಸುಮಾರು 18 ಕೋಟಿ ವರ್ಷ ಹಿಂದೆ ಕಲ್ಲಾದ ಮರಗಳು. ಡೈನೋಸಾರ್ ಹುಚ್ಚಿರೋ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಸಂಜೆ ಮರಳಿನ ದಿಬ್ಬ. ದಿನ 6, ತಡವಾಗಿ ಎದ್ದು ವಾಪಸ್ ಹೊರಡೋದು.

ಮರಳಿನ ದಿಬ್ಬದಲ್ಲಿ

ಸಮ್ ದಿಬ್ಬಗಳು ಜೈಸಲ್ಮೇರ್‌ನಿಂದ 40 ಕಿಲೋಮೀಟರ್ ಚಿಲ್ಲರೆ. ಗದ್ದಲ ಕಡಿಮೆ ಬೇಕಂದ್ರೆ ಖುಡಿ ಕಡೆ ಹೋಗಬಹುದು. ಮಗುವಿಗೆ ಒಂಟೆ ಸವಾರಿಗಿಂತ ಮರಳೇ ದೊಡ್ಡ ಆಟ. ಒಂದು ಸಣ್ಣ ಬಕೆಟ್, ಒಂದು ಚಮಚ ಕೊಡಿ, ಒಂದು ಗಂಟೆ ನಿಮಗೆ ಬಿಡುವು.

ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತೆ, ಮೇಲೆ ಕೂತವರು ಮುಂದಕ್ಕೆ ಮುಗ್ಗರಿಸ್ತಾರೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತೆ, ಆಗಲೂ ಮುಂದಕ್ಕೇ. ಆದ್ದರಿಂದ ಮಗು ಮುಂದೆ, ದೊಡ್ಡವರು ಹಿಂದೆ ಕೂತು, ಎರಡೂ ಸಲ ಬೆನ್ನನ್ನ ಹಿಂದಕ್ಕೆ ವಾಲಿಸಬೇಕು. ಮೂರು ನಾಲ್ಕು ವರ್ಷದೊಳಗಿನವರಿಗೆ ಒಂಟೆ ಗಾಡಿಯೇ ಸರಿ. ದಿಬ್ಬ ಹಾರಿಸೋ ತೆರೆದ ಜೀಪುಗಳಿಗೆ ಚಿಕ್ಕವರನ್ನ ಹತ್ತಿಸಲೇಬೇಡಿ.

ರಾತ್ರಿ ಟೆಂಟ್‌ನಲ್ಲಿ ಉಳೀಬೇಕಾ? ಕಾಲ್‌ಬೇಲಿಯಾ ಕುಣಿತ, ಹಾಡು ಚೆನ್ನಾಗಿರುತ್ತೆ, ಆದರೆ ಧ್ವನಿವರ್ಧಕದ ಸದ್ದಿನಲ್ಲಿ 8ಕ್ಕೆ ಮಲಗೋ ಮಗು ಮಲಗಲ್ಲ. ಸೂರ್ಯ ಮುಳುಗೋದು ನೋಡಿ ಪಟ್ಟಣಕ್ಕೆ ವಾಪಸ್ ಬರೋದು ಕೂಡ ಪೂರ್ತಿ ಪ್ರವಾಸವೇ. ಉಳಿಯೋದೇ ಆದರೆ ಒಂದು ಮಾತನ್ನ ದಯವಿಟ್ಟು ನೆನಪಿಟ್ಕೊಳ್ಳಿ: ಚಳಿ ಅಂತ ಇದ್ದಿಲಿನ ಅಂಗೀಠಿಯನ್ನ ಟೆಂಟ್ ಅಥವಾ ಕೋಣೆಯೊಳಗೆ ಇಟ್ಟು ಮಲಗಬೇಡಿ. ಇದ್ದಿಲು ಅರ್ಧಂಬರ್ಧ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನ ಅದು ಹಿಡಿದುಬಿಡುತ್ತೆ, ಮಲಗಿದವರು ಮಲಗಿದ ಹಾಗೇ ಹೋಗ್ತಾರೆ. ಮಕ್ಕಳ ಉಸಿರಾಟ ವೇಗ, ಅವರಿಗೆ ಮೊದಲು ಏರುತ್ತೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಇಂಥ ಸಾವುಗಳಾಗ್ತವೆ. ಗಾಳಿಯಾಡದ ಬಚ್ಚಲಲ್ಲಿರೋ ಗ್ಯಾಸ್ ಗೀಸರ್‌ಗೂ ಇದೇ ಮಾತು. ಕೋಣೆ ಕಾದಿರಿಸೋವಾಗಲೇ ಹೆಚ್ಚುವರಿ ರಜಾಯಿ ಕೇಳಿ. ಬೆಳಗ್ಗೆ ಬೂಟುಗಳನ್ನ ಕೊಡವಿ ಹಾಕ್ಕೊಳ್ಳಿ, ಚೇಳು ಇರಬಹುದು. ರಾತ್ರಿ ಟಾರ್ಚ್ ಇಲ್ಲದೆ ಮಕ್ಕಳು ಹೊರಗೆ ಹೋಗೋದು ಬೇಡ.

ನೀರು, ಊಟ, ಔಷಧಿ

ಚಳಿಗಾಲದಲ್ಲೂ ಒಣಗಾಳಿ ಮೈಯಿಂದ ನೀರು ಎಳೆಯುತ್ತೆ. ಬೆವರು ಕಾಣೋದಕ್ಕೆ ಮೊದಲೇ ಆರಿಹೋಗೋದರಿಂದ ನಮಗೆ ಗೊತ್ತಾಗಲ್ಲ. 4ರಿಂದ 8 ವರ್ಷದ ಮಗುವಿಗೆ ಸಾಧಾರಣ ದಿನವೇ ಊಟದ ನೀರೂ ಸೇರಿ ಸುಮಾರು 1.7 ಲೀಟರ್ ಬೇಕು. "ಬಾಯಾರಿಕೆ ಆಯ್ತಾ?" ಅಂತ ಕೇಳಬೇಡಿ, ಅರ್ಧ ಗಂಟೆಗೊಮ್ಮೆ ಎರಡು ಗುಟುಕು ಕುಡಿಸಿ. ನಾಲ್ಕು ಜನರ ಕುಟುಂಬ ಅರ್ಧ ದಿನ ಹೊರಗೆ ಹೋದ್ರೆ ಕಾರಿನಲ್ಲಿ 5 ಲೀಟರ್ ಇರಲಿ. ಆರು ಗಂಟೆ ಮೂತ್ರ ಹೋಗಿಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿಬಿದ್ದಿದೆ, ಮಂಕಾಗಿದೆ ಅಂದ್ರೆ ಪ್ರವಾಸ ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ಓಆರ್‌ಎಸ್ ಪೊಟ್ಟಣ ಊರಿಂದಲೇ ತಗೊಂಡು ಹೋಗಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಬರೆದಿರೋದನ್ನೇ. ಅಂಗಡಿಯ ಸಿಹಿ ಪಾನೀಯಗಳು ಅದೇ ಹೆಸರಲ್ಲಿ ಮಾರಾಟ ಆಗ್ತಿದ್ದುದಕ್ಕೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ತಡೆ ಹಾಕಿತು. ಕಾರಣ ಇದೆ. ಸಕ್ಕರೆ ಮತ್ತು ಉಪ್ಪು ಸರಿಯಾದ ಪ್ರಮಾಣದಲ್ಲಿದ್ರೆ ಎರಡೂ ಸೇರಿ ನೀರನ್ನ ಕರುಳಿನಿಂದ ರಕ್ತಕ್ಕೆ ಎಳೀತವೆ. ಸಕ್ಕರೆ ಜಾಸ್ತಿ ಆದ್ರೆ ನೀರು ವಾಪಸ್ ಕರುಳಿಗೆ ಬಂದು ಭೇದಿ ಹೆಚ್ಚುತ್ತೆ. ಒಂದು ಲೀಟರಿನ ಪೊಟ್ಟಣವನ್ನ ಪೂರ್ತಿ ಒಂದು ಲೀಟರಿಗೇ ಕಲಸಿ, ಅಂದಾಜಿನಲ್ಲಿ ಅರ್ಧರ್ಧ ಬೇಡ.

ಊಟದ ಚಿಂತೆ ಬೇಡ. ಅವರ ಬಾಜ್ರೆ ಕಿ ರೋಟಿ ನಮ್ಮ ಉತ್ತರ ಕರ್ನಾಟಕದ ಸಜ್ಜಿ ರೊಟ್ಟಿಯೇ. ಮಕ್ಕಳಿಗೆ ಖಿಚಡಿ, ಮೊಸರು ಎಲ್ಲ ಕಡೆ ಸಿಗುತ್ತೆ. ಜಿಲ್ಲಾ ಆಸ್ಪತ್ರೆ ಇರೋದು ಜೈಸಲ್ಮೇರ್ ಪಟ್ಟಣದಲ್ಲಿ, ಏಮ್ಸ್ ಇರೋದು ಜೋಧ್‌ಪುರದಲ್ಲಿ, ಐದು ಗಂಟೆ ದೂರ. ದಿಬ್ಬದಿಂದ ಪಟ್ಟಣಕ್ಕೇ ಮುಕ್ಕಾಲು ಗಂಟೆ. ಮಗುವಿಗೆ ಹಿಂದಿನ ದಿನ ಜ್ವರ ಇದ್ರೆ ದಿಬ್ಬದ ಸಂಜೆಯನ್ನ ಬಿಟ್ಟುಬಿಡೋಕೆ ಈ ಲೆಕ್ಕ ಸಾಕು.

ಮಕ್ಕಳಿಗೆ ತೋರಿಸಲೇಬೇಕಾದ ಒಂದು ಮರ

ದಾರಿಯುದ್ದಕ್ಕೂ ಖೇಜಡಿ ಮರ ಕಾಣುತ್ತೆ. ಅದು ಬೇರೆ ಯಾವುದೂ ಅಲ್ಲ, ಸಂಸ್ಕೃತದ ಶಮಿ, ನಮ್ಮ ದಸರೆಯ ಬನ್ನಿ. ನಾವು ಎಲೆ ಕೊಟ್ಟು ಬಂಗಾರ ಅಂತೀವಿ. ಅಲ್ಲಿ ಅದರ ಕಾಯಿಯೇ ಸಾಂಗ್ರಿ ಪಲ್ಯ, ಸೊಪ್ಪು ಮೇಕೆಗೆ ಮೇವು. 1730ರಲ್ಲಿ ಜೋಧ್‌ಪುರದ ಹತ್ತಿರದ ಖೇಜಡ್ಲಿ ಹಳ್ಳಿಯಲ್ಲಿ ಈ ಮರಗಳನ್ನ ಕಡಿಯೋಕೆ ರಾಜನ ಆಳುಗಳು ಬಂದಾಗ ಅಮೃತಾದೇವಿ ಮರ ಅಪ್ಪಿಕೊಂಡು ನಿಂತಳು. ಅವಳ ಜೊತೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು ಅಂತ ಅಲ್ಲಿಯವರು ನೆನೆಸ್ತಾರೆ. ಕಾರು ನಿಲ್ಲಿಸಿ ಆ ಮರದ ನೆರಳಲ್ಲಿ ಹತ್ತು ನಿಮಿಷ ಕೂತು ಈ ಕಥೆ ಹೇಳಿ. ಅಜ್ಜಿ ಜೊತೆಗಿದ್ರೆ ಬನ್ನಿಯ ಕಥೆಯನ್ನ ಅವರ ಬಾಯಲ್ಲೇ ಹೇಳಿಸಿ.

ಆರು ದಿನದಲ್ಲಿ ಎರಡು ಊರು ಕಡಿಮೆ ಆಯ್ತು ಅಂತ ಅನ್ನಿಸಬಹುದು. ಉದಯಪುರ, ಪುಷ್ಕರ್ ಎಲ್ಲೂ ಓಡಿಹೋಗಲ್ಲ, ಮುಂದಿನ ವರ್ಷ ಮಕ್ಕಳು ಇನ್ನೊಂದು ವರ್ಷ ದೊಡ್ಡವರಾಗಿರ್ತಾರೆ. ರೈಲಿನ ಟಿಕೆಟ್ ಬೇಗ ಮುಗಿಯುತ್ತೆ, ರಜೆಯ ದಿನಾಂಕ ಗೊತ್ತಾದ ತಕ್ಷಣ ಅದನ್ನ ಮೊದಲು ಮಾಡಿಸಿ.