ಒಕಾಜಾಕಿಯ ಜಿಮ್‌ಖಾನಾ: ತಪ್ಪಿಗೆ ಐದು ಸೆಕೆಂಡು

ಜಿಮ್‌ಖಾನಾ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಟೆನಿಸ್ ಅಂಗಳ, ಇಸ್ಪೀಟಿನ ಮೇಜು, ಹಳೆಯ ಕಾಲದ ಕ್ಲಬ್ಬು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿ ಹುಟ್ಟಿದ ಈ ಪದ ಲೋಕ ಸುತ್ತಿ ಜಪಾನಿಗೆ ಬಂದು ‘ಜಿಮುಕಾನಾ’ ಆಗಿದೆ. ಇಲ್ಲಿ ಅದು ಡಾಂಬರಿನ ಅಂಗಳದಲ್ಲಿ ಕೋನ್‌ಗಳನ್ನು ನಿಲ್ಲಿಸಿ, ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ, ಯಾರು ಬೇಗ ಮುಗಿಸಿದರೆಂದು ಲೆಕ್ಕ ಹಾಕುವ ಆಟ. ಆಟೊಕ್ರಾಸ್‌ಗೆ ಹತ್ತಿರದ ಬಂಧು. ಮಣ್ಣಿನ ಮೇಲೆ ನಡೆದರೆ ಅದಕ್ಕೆ ‘ಡರ್ಟ್ ಟ್ರಯಲ್’ ಎಂಬ ಹೆಸರು.

ನಾನು ವಾಸವಿರುವ ಒಕಾಜಾಕಿ, ಐಚಿ ಪ್ರಾಂತ್ಯದ ನಗರ. ತೊಕುಗಾವಾ ಇಯೆಯಾಸು ಹುಟ್ಟಿದ ಕೋಟೆ ನೋಡಲು ಪ್ರವಾಸಿಗರು ಬರುತ್ತಾರೆ. ಮಿತ್ಸುಬಿಷಿ ಕಾರು ಕಾರ್ಖಾನೆಯೂ ಇಲ್ಲಿದೆ. 2022ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ 12 ವರ್ಷಗಳ ನಂತರ ಜಪಾನಿಗೆ ಮರಳಿದಾಗ ನಗರಕ್ಕೆ ಸೇರಿದ ನುಕಾತಾದ ಕಾಡುದಾರಿಗಳಲ್ಲೂ ಕಾರುಗಳು ಓಡಿದವು. ನಾನು ನೋಡಲು ಹೋಗಲಿಲ್ಲ.

ಕಾರಣ ಚಿಕ್ಕಮಗಳೂರಿನಲ್ಲಿದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಅಲ್ಲಿನ ಕಾಫಿ ತೋಟಗಳಲ್ಲಿ ನಡೆದಾಗ, ಬೇಲಿಯಾಚೆ ನಿಂತು ದೂಳು ಕುಡಿದವರಲ್ಲಿ ನಾನೂ ನನ್ನ ದೊಡ್ಡಪ್ಪನ ಮಗನೂ ಇದ್ದೆವು. ಆ ವರ್ಷದ ಪ್ರಶಸ್ತಿ ಗೌರವ್ ಗಿಲ್ ಅವರದಾಯಿತು. ಮರುವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ, ಘಾಟಿಯ ತಿರುವಿನಲ್ಲಿ ಎದುರು ಬಂದ ಲಾರಿಯನ್ನು ತಪ್ಪಿಸಲು ಹೋಗಿ ಅಣ್ಣನ ಜೀಪು ಹಳ್ಳಕ್ಕುರುಳಿತು. ಅವನು ಉಳಿಯಲಿಲ್ಲ. ಅದು ಸಾರ್ವಜನಿಕ ರಸ್ತೆ. ಅವನ ತಲೆಯೊಳಗೆ ಮಾತ್ರ ರ‍್ಯಾಲಿ ನಡೆದಿತ್ತು. ಹದಿಮೂರನೆಯ ದಿನ ಅಮ್ಮ ನನ್ನಿಂದ ಮಾತು ತೆಗೆದುಕೊಂಡರು.

ಈ ವಸಂತದಲ್ಲಿ ಸಹೋದ್ಯೋಗಿಯೊಬ್ಬರು ಕರೆದಾಗ ಆ ಮಾತನ್ನು ಮುರಿದೆ. ಸ್ಥಳ ಊರಿನ ಹೊರಗಿನ ಕ್ಯೋಸೇ ಡ್ರೈವರ್‌ಲ್ಯಾಂಡ್. ಚುಬು ವಲಯದ ಜಿಮ್‌ಖಾನಾ ಸ್ಪರ್ಧೆಗಳು ನಡೆಯುವ ಅಂಗಳ. ಅಂದು ಇದ್ದದ್ದು ಹವ್ಯಾಸಿಗಳ ಅಭ್ಯಾಸ ಮಾತ್ರ. ನನ್ನದು ಕಚೇರಿಗೂ ಸಂತೆಗೂ ಓಡಾಡುವ ಹಳೆಯ ಸ್ವಿಫ್ಟ್. ಕಾರಿನೊಳಗೆ ಅಲುಗಾಡುವ ವಸ್ತು ಒಂದೂ ಇರಬಾರದೆಂಬ ನಿಯಮ. ಮ್ಯಾಟು, ಛತ್ರಿ, ನೀರಿನ ಬಾಟಲಿ ಎಲ್ಲ ಹೊರಬಂದವು. ಕಡೆಗೆ ಮಗಳ ಸೀಟನ್ನೂ ಬಿಚ್ಚಿ ಟಾರ್ಪಾಲಿನ ಮೇಲೆ ಇಟ್ಟೆ. ಏನೇ ಆದರೂ ಹೊಣೆ ನನ್ನದೇ ಎಂಬ ಪತ್ರಕ್ಕೆ ಸಹಿ ಹಾಕುವಾಗ ಆ ಸೀಟಿನ ಕಡೆ ನೋಡದಿರಲು ಯತ್ನಿಸಿದೆ. ನಿತ್ಯದ ಕಾರು ವಿಮೆ ಇಂಥ ಓಟಕ್ಕೆ ಸಾಮಾನ್ಯವಾಗಿ ಅನ್ವಯಿಸದು.

ಕಾರು ಹತ್ತುವ ಮೊದಲು ಎಲ್ಲರೂ ದಾರಿಯನ್ನು ನಡೆದು ನೋಡಬೇಕು. ನಿವೃತ್ತರು, ಕಾಲೇಜು ಹುಡುಗರು, ಒಬ್ಬ ದಾದಿ, ಎಲ್ಲರೂ ಕೈಯಲ್ಲಿ ನಕ್ಷೆ ಹಿಡಿದು, ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಮೌನವಾಗಿ ನಡೆದರು. ದೂರದಿಂದ ನೋಡಿದವರಿಗೆ ಯಾವುದೋ ಪ್ರದಕ್ಷಿಣೆಯಂತೆ ಕಾಣುತ್ತಿತ್ತು. ಸ್ಪರ್ಧೆಯಲ್ಲಾದರೆ ಎರಡು ಓಟ, ಉತ್ತಮವಾದದ್ದು ಲೆಕ್ಕಕ್ಕೆ. ಕೋನ್ ತಗುಲಿದರೆ ಐದು ಸೆಕೆಂಡು ದಂಡ. ದಾರಿ ತಪ್ಪಿದರೆ ಆ ಓಟವೇ ಇಲ್ಲ.

ಮೊದಲ ತಿರುವಿಗೆ ನಾನು ಅಣ್ಣನಂತೆಯೇ ನುಗ್ಗಿದೆ. ಸ್ಟೀರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ಮುಂದಿನ ಟೈರುಗಳು ಕಿರುಚುತ್ತ ನೇರಕ್ಕೆ ಜಾರಿದವು. ಕೋನ್ ಹಾರಿ ಬಿತ್ತು. ಯಾರೋ ಬಾವುಟ ಎತ್ತಿದರು, ಯಾರೋ ಓಡಿ ಬಂದು ಕೋನನ್ನು ಮತ್ತೆ ಗುರುತಿನ ಮೇಲೆ ನಿಲ್ಲಿಸಿದರು. ಅಷ್ಟೆ. ಓಟ ಮುಗಿಸಿ ಇಳಿದಾಗ ನನ್ನ ಕಾಲು ನಡುಗುತ್ತಿತ್ತು. ಅದೇ ತಪ್ಪು, ಇಲ್ಲಿ ಅದರ ಬೆಲೆ ಐದು ಸೆಕೆಂಡು.

ಹಿರಿಯರೊಬ್ಬರು ಬಂದು ನನ್ನ ಟೈರು ಮುಟ್ಟಿ ನೋಡಿದರು. ಬ್ರೇಕು ಹಾಕುತ್ತಲೇ ತಿರುಗಿಸಬೇಡಿ. ನೇರ ದಾರಿಯಲ್ಲೇ ವೇಗ ಇಳಿಸಿ, ಆಮೇಲೆ ತಿರುಗಿಸಿ, ಎಂದರು. ಟೈರಿನ ಹಿಡಿತ ಒಂದು ಮಿತಿಯದು. ಬ್ರೇಕೇ ಅದನ್ನೆಲ್ಲ ಬಳಸಿಕೊಂಡರೆ ತಿರುಗಲು ಏನೂ ಉಳಿಯುವುದಿಲ್ಲ. ಸಂಜೆಯವರೆಗೆ ನಾನು ಕಲಿತದ್ದು ನಿಧಾನಿಸುವುದನ್ನು.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

“ಎದುರಿಂದ ಗಾಡಿ ಬರಲ್ವೇನೋ?”

“ಇಲ್ಲಮ್ಮ. ಒಂದು ಸಲಕ್ಕೆ ಒಂದೇ ಕಾರು.”

ಮತ್ತೆ ಮೌನ. ಹೋಗು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ.

“ಮಗೂ ಸೀಟು ವಾಪಸ್ ಸರಿಯಾಗಿ ಕಟ್ಟಿದ್ಯಾ?” ಎಂದರು. ನಾನು ಟಾರ್ಚ್ ಹಿಡಿದು ಕೆಳಗಿಳಿದು, ಇನ್ನೊಮ್ಮೆ ಎಳೆದು ನೋಡಿ ಬಂದೆ.