ಮಗುವಿಗೊಂದು ಪಿಯಾನೊ: ಬೆಲೆ ಯಾವುದಕ್ಕೆ?

ಮಗುವನ್ನು ಪಿಯಾನೊ ಪಾಠಕ್ಕೆ ಸೇರಿಸಿದ ತಂದೆತಾಯಿಯರಿಗೆ ಪಾಠದ ಶುಲ್ಕಕ್ಕಿಂತ ದೊಡ್ಡ ಚಿಂತೆಯೊಂದು ಕೆಲವೇ ವಾರಗಳಲ್ಲಿ ಎದುರಾಗುತ್ತದೆ. ಶಿಕ್ಷಕರ ಬಳಿ ಕಲಿಯುವುದು ವಾರಕ್ಕೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಉಳಿದ ದಿನಗಳ ಅಭ್ಯಾಸ ಮನೆಯಲ್ಲೇ ಆಗಬೇಕು. ಯಾವುದರ ಮೇಲೆ? ವಾದ್ಯಗಳ ಅಂಗಡಿಯಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುವ, ನೂರಾರು ವಾದ್ಯಗಳ ದನಿ ಹೊರಡಿಸುವ ಕೀಬೋರ್ಡ್ ಇದೆ. ಅದರ ಪಕ್ಕದಲ್ಲೇ ಅರ್ಧ ಲಕ್ಷದ ಆಸುಪಾಸಿನಿಂದ ಆರಂಭವಾಗುವ ಡಿಜಿಟಲ್ ಪಿಯಾನೊ ಇದೆ. ಅದರಾಚೆಗೆ ಹಲವು ಲಕ್ಷ ಬೆಲೆಯ, ಮರ ಮತ್ತು ತಂತಿಗಳ ನಿಜವಾದ ಪಿಯಾನೊ. ನೋಡಲು ಮೂರರಲ್ಲೂ ಅವೇ ಕರಿ-ಬಿಳಿ ಕೀಲಿಗಳು.

ಹಾಗಾದರೆ ಬೆಲೆಯಲ್ಲಿ ಇಷ್ಟೊಂದು ಅಂತರವೇಕೆ? ಅಗ್ಗದ್ದನ್ನು ಕೊಂಡರೆ ಮಗುವಿನ ಕಲಿಕೆಗೆ ನಷ್ಟವಾಗುವುದೇ? ದುಬಾರಿಯದನ್ನು ಕೊಂಡ ಮೇಲೆ ಮಗು ಆರು ತಿಂಗಳಿಗೆ ಪಾಠ ಬಿಟ್ಟರೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಪಿಯಾನೊ ಎಂಬ ವಾದ್ಯ ಹುಟ್ಟಿದ್ದೇಕೆ ಎಂಬುದನ್ನು ಮೊದಲು ತಿಳಿಯಬೇಕು.

ಮೀಟುವುದರಿಂದ ಬಡಿಯುವುದಕ್ಕೆ

ಪಿಯಾನೊಗಿಂತ ಮೊದಲು ಯುರೋಪಿನ ಶ್ರೀಮಂತರ ಮನೆಗಳಲ್ಲಿ ಇದ್ದದ್ದು ಹಾರ್ಪ್ಸಿಕಾರ್ಡ್. ಅದರ ಕೀಲಿಯನ್ನು ಒತ್ತಿದರೆ ಒಳಗಿನ ಸಣ್ಣ ಗರಿಯ ತುಂಡು ತಂತಿಯನ್ನು ಮೀಟುತ್ತಿತ್ತು. ವೀಣೆ ನುಡಿಸುವವರು ಬೆರಳಿನ ಬಲದಿಂದಲೇ ನಾದವನ್ನು ಹಿಗ್ಗಿಸಿ ಕುಗ್ಗಿಸಬಲ್ಲರು. ಹಾರ್ಪ್ಸಿಕಾರ್ಡಿನಲ್ಲಿ ಆ ಸೌಲಭ್ಯವಿರಲಿಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಗರಿ ಮೀಟುವ ಬಲ ಹೆಚ್ಚುಕಡಿಮೆ ಒಂದೇ. ನಮ್ಮ ಹಾರ್ಮೋನಿಯಂನದೂ ಇದೇ ಬಗೆ. ಅಲ್ಲಿ ನಾದದ ಏರಿಳಿತ ತರುವುದು ತಿದಿ ಒತ್ತುವ ಕೈಯೇ ಹೊರತು ಕೀಲಿ ಒತ್ತುವ ಬೆರಳಲ್ಲ.

ಈ ಕೊರತೆಯನ್ನು ನೀಗಿಸಿದವನು ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಇಟಲಿಯ ಪಾದುವಾದಲ್ಲಿ ಹುಟ್ಟಿದ ಈತ ಫ್ಲಾರೆನ್ಸಿನ ಮೆದಿಚಿ ಮನೆತನದ ಆಶ್ರಯದಲ್ಲಿ ವಾದ್ಯ ತಯಾರಿಸುತ್ತಿದ್ದ. ಆ ಮನೆತನದ ವಾದ್ಯಗಳ 1700ರ ಪಟ್ಟಿಯಲ್ಲಿ ಮೆಲುದನಿಯನ್ನೂ ಜೋರುದನಿಯನ್ನೂ ಹೊರಡಿಸುವ ಹೊಸ ವಾದ್ಯವೊಂದರ ಉಲ್ಲೇಖವಿದೆ. ಇಟಾಲಿಯನ್ನಿನಲ್ಲಿ 'ಪಿಯಾನೊ' ಎಂದರೆ ಮೆಲ್ಲಗೆ, 'ಫೋರ್ಟೆ' ಎಂದರೆ ಜೋರಾಗಿ. ವಾದ್ಯದ ಹೆಸರು ಅಲ್ಲಿಂದಲೇ ಬಂದಿತು. ಕ್ರಿಸ್ತೊಫೊರಿ ತಯಾರಿಸಿದ ಪಿಯಾನೊಗಳಲ್ಲಿ ಮೂರು ಮಾತ್ರ ಉಳಿದಿವೆ. ಅವುಗಳಲ್ಲಿ ಹಳೆಯದಾದ 1720ರ ಪಿಯಾನೊ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತು ಸಂಗ್ರಹಾಲಯದಲ್ಲಿದೆ.

ಕ್ರಿಸ್ತೊಫೊರಿ ಗರಿಯನ್ನು ತೆಗೆದು ಸಣ್ಣ ಸುತ್ತಿಗೆಗಳನ್ನು ಅಳವಡಿಸಿದ. ಸಂತೂರ್ ವಾದಕ ಎರಡು ಕಡ್ಡಿಗಳಿಂದ ಮಾಡುವ ಕೆಲಸವನ್ನು ಪಿಯಾನೊದಲ್ಲಿ ಹತ್ತು ಬೆರಳುಗಳು ಕೀಲಿಗಳ ಮೂಲಕ ಮಾಡುತ್ತವೆ ಎನ್ನಬಹುದು. ಇಂದಿನ ಪಿಯಾನೊದಲ್ಲಿ ಕೀಲಿ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್ ಮಾತ್ರ. ಅದನ್ನು ಮೆಲ್ಲಗೆ ಇಳಿಸಲು ಸುಮಾರು 50 ಗ್ರಾಂ ಭಾರ ಸಾಕು. ಆದರೆ ಒಳಗಿನ ಸನ್ನೆಗಳ ದೆಸೆಯಿಂದ ಸುತ್ತಿಗೆ ಕೀಲಿಗಿಂತ ಸುಮಾರು ಐದು ಪಟ್ಟು ವೇಗವಾಗಿ ಚಲಿಸುತ್ತದೆ. ತಂತಿಗೆ ತಗಲುವ ಕ್ಷಣಕ್ಕೆ ಮುನ್ನ ಅದು ಕೀಲಿಯ ಹಿಡಿತದಿಂದ ಬಿಡಿಸಿಕೊಂಡು, ಬಡಿದು, ಹಿಂದಕ್ಕೆ ಬೀಳುತ್ತದೆ. ಬೆರಳಿನ ವೇಗದಲ್ಲಾಗುವ ಅತಿ ಸಣ್ಣ ವ್ಯತ್ಯಾಸವೂ ನಾದದಲ್ಲಿ ಕೇಳಿಸುವುದು ಇದರಿಂದಲೇ.

ಪಿಯಾನೊ ಕಲಿಯುವುದೆಂದರೆ ಯಾವ ಕೀಲಿಯನ್ನು ಯಾವಾಗ ಒತ್ತಬೇಕೆಂದು ಕಲಿಯುವುದಷ್ಟೇ ಅಲ್ಲ, ಎಷ್ಟು ಭಾರ ಹಾಕಬೇಕೆಂದು ಕಲಿಯುವುದು. ಕೊಳ್ಳುವಾಗ ತೆರುವ ಬೆಲೆಯಲ್ಲಿ ಮುಖ್ಯವಾದ ಪಾಲು ಸಲ್ಲಬೇಕಾದುದು ಈ ಗುಣಕ್ಕೆ.

ನಡುಮನೆಗೆ ಬಂದ ಬಗೆ

ಅಗ್ಗದ ಪಿಯಾನೊ ಬೇಕೆಂಬ ಆಸೆ ಹೊಸದೇನಲ್ಲ. ಜರ್ಮನಿಯಿಂದ ಲಂಡನ್ನಿಗೆ ವಲಸೆ ಬಂದ ಯೋಹಾನೆಸ್ ಜುಂಪೆ 1760ರ ದಶಕದಲ್ಲಿ ಮೇಜಿನಂತಿರುವ ಚಿಕ್ಕ ಪಿಯಾನೊಗಳನ್ನು ತಯಾರಿಸಿದ. ಹಾರ್ಪ್ಸಿಕಾರ್ಡಿಗಿಂತ ಬಹಳ ಕಡಿಮೆ ಬೆಲೆಯ ಇವು ವರ್ತಕರ ಮತ್ತು ವಕೀಲರ ಮನೆಗಳನ್ನು ಸೇರಿದವು. ತಂತಿಗಳನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಒರಗಿಸಿಡುವ 'ಅಪ್‌ರೈಟ್' ಪಿಯಾನೊ 19ನೆಯ ಶತಮಾನದಲ್ಲಿ ಬಂದ ಮೇಲೆ ಇಕ್ಕಟ್ಟಾದ ಮನೆಗಳಿಗೂ ಈ ವಾದ್ಯ ಎಟುಕಿತು.

ಅಷ್ಟಾದರೂ ಒಮ್ಮೆಗೇ ಹಣ ಕೊಟ್ಟು ಕೊಳ್ಳುವುದು ಸಾಮಾನ್ಯರಿಗೆ ಕಷ್ಟವೇ ಆಗಿತ್ತು. ಇಂಗ್ಲೆಂಡಿನ ವ್ಯಾಪಾರಿಗಳು ಇದಕ್ಕೆ ಕಂಡುಕೊಂಡ ಉಪಾಯ ಮೂರು ವರ್ಷದ ಕಂತು. ಕೊನೆಯ ಕಂತು ಸಲ್ಲುವವರೆಗೆ ಪಿಯಾನೊ ಬಾಡಿಗೆಯದು, ಸಂದ ಮೇಲೆ ಸ್ವಂತದ್ದು. ಈ ಪದ್ಧತಿಯಿಂದ ಹುಟ್ಟಿದ ಮೊಕದ್ದಮೆಯೊಂದು ಕಾನೂನು ಓದುವವರಿಗೆ ಇಂದಿಗೂ ಪಾಠವಾಗಿದೆ. ಬ್ರೂಸ್ಟರ್ ಎಂಬಾತ ಹೆಲ್ಬಿ ಎಂಬ ವ್ಯಾಪಾರಿಯಿಂದ ತಿಂಗಳಿಗೆ 10 ಶಿಲಿಂಗ್ 6 ಪೆನ್ಸ್‌ನಂತೆ 36 ಕಂತಿನ ಕರಾರಿನ ಮೇಲೆ ಪಿಯಾನೊ ಪಡೆದ. ಕೆಲವು ತಿಂಗಳಲ್ಲೇ ಅದನ್ನು ಮ್ಯಾಥ್ಯೂಸ್ ಎಂಬವರ ಗಿರವಿ ಅಂಗಡಿಯಲ್ಲಿ ಒತ್ತೆಯಿಟ್ಟ. ಪಿಯಾನೊ ಯಾರದು? ಬ್ರೂಸ್ಟರ್ ಅದನ್ನು ಯಾವಾಗ ಬೇಕಾದರೂ ಹಿಂದಿರುಗಿಸಬಹುದಿತ್ತು, ಕೊಳ್ಳಲೇಬೇಕೆಂಬ ಕಟ್ಟುಪಾಡು ಅವನಿಗಿರಲಿಲ್ಲ, ಆದ್ದರಿಂದ ಪಿಯಾನೊ ಹೆಲ್ಬಿಯದೇ ಎಂದು 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಬಾಡಿಗೆ-ಖರೀದಿಗೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ ಭಾರತದ ನ್ಯಾಯಾಲಯಗಳೂ ಈ ತೀರ್ಪನ್ನು ಉಲ್ಲೇಖಿಸಿವೆ. ಮನೆಗೊಂದು ಪಿಯಾನೊ ತರುವ ಆಸೆ ಕಾನೂನಿನ ಪುಸ್ತಕವನ್ನೂ ಸೇರಿತು.

ಮೈಸೂರು ಮತ್ತು ದಂಡು ಪ್ರದೇಶ

ನಮ್ಮ ನಾಡಿಗೆ ಪಿಯಾನೊ ಬಂದದ್ದು ಬ್ರಿಟಿಷರೊಂದಿಗೆ. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳು, ಕ್ಲಬ್ಬುಗಳು, ಚರ್ಚುಗಳು, ಕಾನ್ವೆಂಟ್ ಶಾಲೆಗಳು ಅದರ ಮೊದಲ ನೆಲೆಗಳು. ಮೈಸೂರು ಅರಮನೆಯಲ್ಲಿ ಅದು ಇನ್ನೂ ಎತ್ತರದ ಸ್ಥಾನ ಪಡೆಯಿತು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಬಲ್ಲವರು. ಲಂಡನ್ನಿನಲ್ಲಿ ಕಷ್ಟದ ದಿನಗಳನ್ನು ಕಳೆಯುತ್ತಿದ್ದ ರಷ್ಯನ್ ಪಿಯಾನೊ ವಾದಕ ಹಾಗೂ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಧನಸಹಾಯ ನೀಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ.

ಅರಮನೆಗೆ ಪಿಯಾನೊ ಬೆಲೆ ಚಿಂತೆಯ ವಿಷಯವಾಗಿರಲಿಲ್ಲ. ಇಂದು ಕಲಿಯುತ್ತಿರುವವರು ಸಂಬಳದ ಲೆಕ್ಕದಲ್ಲಿ ಬದುಕುವ ಕುಟುಂಬಗಳ ಮಕ್ಕಳು. ಅವರ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡಬಹುದು.

ಹಳೆಯ ಪಿಯಾನೊ: ಕೊಳ್ಳುವ ಬೆಲೆ, ಸಾಕುವ ಬೆಲೆ

ಹಳೆಯ ಅಪ್‌ರೈಟ್ ಪಿಯಾನೊ ಕೆಲವೊಮ್ಮೆ ಬಹಳ ಅಗ್ಗಕ್ಕೆ, ಪರಿಚಯಸ್ಥರಿಂದಾದರೆ ಬಿಟ್ಟಿಯಾಗಿಯೂ ಸಿಗುವುದುಂಟು. ಆದರೆ ಬಿಟ್ಟಿ ಸಿಕ್ಕ ಆನೆಗೂ ಮೇವು ಹಾಕಲೇಬೇಕು. ಪಿಯಾನೊದಲ್ಲಿ 88 ಕೀಲಿಗಳಿಗೆ ಸುಮಾರು 230 ತಂತಿಗಳಿವೆ. ಅವೆಲ್ಲದರ ಒಟ್ಟು ಎಳೆತ ಸುಮಾರು 18ರಿಂದ 20 ಟನ್. ಈ ಎಳೆತವನ್ನು ತಡೆಯುವುದು ಒಳಗಿನ ಎರಕದ ಕಬ್ಬಿಣದ ಚೌಕಟ್ಟು. ಹಾಗಾಗಿಯೇ ಅಪ್‌ರೈಟ್ ಪಿಯಾನೊದ ತೂಕ 200 ಕಿಲೊ ಮೀರುತ್ತದೆ. ಮಹಡಿ ಮನೆಗೆ ಅದನ್ನು ಏರಿಸುವ ಕೂಲಿಯೇ ಒಂದು ಲೆಕ್ಕ.

ಇನ್ನೊಂದು ಲೆಕ್ಕ ಹವೆಯದು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಎರಡರಲ್ಲೂ ಶ್ರುತಿ ಜಾರುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ ಶ್ರುತಿ ಮಾಡಿಸಬೇಕು. ಆ ಕೆಲಸ ಬಲ್ಲವರು ಎಲ್ಲ ಊರುಗಳಲ್ಲೂ ಇಲ್ಲ. ಬೇರೆ ಊರಿಂದ ಕರೆಸಬೇಕಾದರೆ ಪ್ರಯಾಣದ ವೆಚ್ಚವೂ ಸೇರುತ್ತದೆ. ಕರಾವಳಿಯಲ್ಲಿ ತಂತಿಗೆ ತುಕ್ಕು, ಎಲ್ಲೆಡೆ ಮರಕ್ಕೆ ಗೆದ್ದಲು, ಸುತ್ತಿಗೆಯ ತಲೆಗೆ ಹೊದಿಸಿದ ಉಣ್ಣೆಗೆ ನುಸಿ. ಇವು ಈ ವಾದ್ಯದ ಹಳೆಯ ವೈರಿಗಳು.

ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ ಅಂಶಗಳು ಹಲವು. 88 ಕೀಲಿಗಳನ್ನೂ ಒಂದೊಂದಾಗಿ ಒತ್ತಬೇಕು. ಒತ್ತಿದ ಕೀಲಿ ಕೂಡಲೇ ಮೇಲೇಳಬೇಕು, ಅತಿ ತಾರದ ಕೆಲವು ಕೀಲಿಗಳ ಹೊರತು ಉಳಿದವುಗಳಲ್ಲಿ ಬೆರಳು ತೆಗೆದೊಡನೆ ನಾದ ನಿಲ್ಲಬೇಕು. ಮೇಲಿನ ಮುಚ್ಚಳ ತೆರೆದು ಸುತ್ತಿಗೆಗಳ ಉಣ್ಣೆಯಲ್ಲಿ ಆಳವಾದ ಗೀರುಗಳಿವೆಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ತಂತಿ ಸುತ್ತಿದ ಬಿರಡೆಗಳು. ವೀಣೆಯ ಬಿರಡೆ ಜಾರಿದರೆ ಶ್ರುತಿ ನಿಲ್ಲದಂತೆ, ಪಿಯಾನೊದ ಬಿರಡೆಗಳನ್ನು ಹಿಡಿದಿರುವ ಮರ ಸಡಿಲವಾಗಿದ್ದರೆ ಶ್ರುತಿ ಮಾಡಿಸಿದ ಕೆಲವು ದಿನಗಳಲ್ಲೇ ಅದು ಇಳಿದುಹೋಗುತ್ತದೆ. ಅದನ್ನು ಸರಿಪಡಿಸುವ ವೆಚ್ಚ ವಾದ್ಯದ ಬೆಲೆಯನ್ನೇ ಮೀರಬಹುದು. ಶ್ರುತಿ ಮಾಡುವವರನ್ನು ಕರೆದೊಯ್ದು ತೋರಿಸಿ, ಅವರಿಗೆ ಸಲ್ಲಬೇಕಾದ ಶುಲ್ಕ ಕೊಡುವುದು ಜಾಣತನ. ಇಂದಿನ ಪ್ರಮಾಣ ಶ್ರುತಿಗೆ ಏರಿಸಲಾಗದು, ಏರಿಸಿದರೆ ತಂತಿ ಕಡಿಯುತ್ತದೆ ಎಂದು ಅವರು ಹೇಳಿದ ವಾದ್ಯ ಎಷ್ಟೇ ಅಂದವಾಗಿದ್ದರೂ ಅದನ್ನು ಬಿಟ್ಟುಬಿಡಬೇಕು. ಶ್ರುತಿ ತಪ್ಪಿದ ವಾದ್ಯದ ಮೇಲೆ ದಿನವೂ ಕೂರುವ ಮಗುವಿನ ಕಿವಿ ತಪ್ಪು ಸ್ವರಕ್ಕೇ ಒಗ್ಗುತ್ತದೆ.

ಡಿಜಿಟಲ್ ಪಿಯಾನೊ: ದನಿಗಿಂತ ಮೊದಲು ಭಾರ

ಡಿಜಿಟಲ್ ಪಿಯಾನೊದಲ್ಲಿ ತಂತಿಗಳಿಲ್ಲ. ಒಳ್ಳೆಯ ಪಿಯಾನೊದ ನಾದವನ್ನು ಮುದ್ರಿಸಿಟ್ಟುಕೊಂಡು, ಕೀಲಿ ಇಳಿದ ವೇಗವನ್ನು ಅಳೆದು, ಅದಕ್ಕೆ ತಕ್ಕ ನಾದವನ್ನು ಅದು ಹೊರಡಿಸುತ್ತದೆ. ಶ್ರುತಿ ಮಾಡಿಸುವ ಖರ್ಚಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಅಕ್ಕಪಕ್ಕದ ಮನೆಯವರಿಗೆ ತೊಂದರೆಯಿಲ್ಲ. ಫ್ಲ್ಯಾಟುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಆದರೆ ಈ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಒಂದೇ ಅಲ್ಲ. ನೋಡಬೇಕಾದುದು ಮೂರು ಅಂಶಗಳನ್ನು. ಮೊದಲನೆಯದು, ಪೂರ್ಣ ಅಳತೆಯ 88 ಕೀಲಿಗಳು. ಎರಡನೆಯದು, ಸುತ್ತಿಗೆಯ ಭಾರವನ್ನು ಅನುಕರಿಸುವ ಕೀಲಿಗಳು. ನಿಜವಾದ ಪಿಯಾನೊದಲ್ಲಿ ಎಡಗಡೆಯ ಮಂದ್ರ ಸ್ವರಗಳ ಕೀಲಿ ತುಸು ಭಾರ, ಬಲಗಡೆಯ ತಾರ ಸ್ವರಗಳದು ಹಗುರ. ಒಳ್ಳೆಯ ಡಿಜಿಟಲ್ ಪಿಯಾನೊದಲ್ಲೂ ಈ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಮೂರನೆಯದು, ನಾದವನ್ನು ನಿಲ್ಲಿಸಿಕೊಳ್ಳುವ, ಅಲುಗಾಡದ ಪೆಡಲ್. ನೂರಾರು ವಾದ್ಯಗಳ ದನಿ, ತಾಳದ ಪಕ್ಕವಾದ್ಯ, ಮಿನುಗುವ ದೀಪಗಳು ಇವುಗಳ ನಂತರದ ಮಾತು.

ಪರೀಕ್ಷೆ ಸರಳ. ಅಂಗಡಿಯಲ್ಲಿ ಮೊದಲು ದನಿ ಪೂರ್ತಿ ಇಳಿಸಿ ಕೀಲಿಗಳನ್ನು ಮುಟ್ಟಿ ನೋಡಬೇಕು. ಅನಂತರ ದನಿ ಏರಿಸಿ, ಒಂದೇ ಕೀಲಿಯನ್ನು ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ ಹತ್ತು ಬಾರಿ ಒತ್ತಬೇಕು. ನಾದ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ವಾದ್ಯ ಬೆರಳಿನ ಮಾತು ಕೇಳುತ್ತಿದೆ ಎಂದರ್ಥ. ಮಗುವನ್ನೂ ಕರೆದೊಯ್ಯಬೇಕು, ಸಾಧ್ಯವಾದರೆ ಶಿಕ್ಷಕರನ್ನೂ. ಸ್ಟ್ಯಾಂಡ್ ಅಲುಗಬಾರದು. ಕುಳಿತಾಗ ಮೊಣಕೈ ಕೀಲಿಗಳ ಮಟ್ಟಕ್ಕೆ ಬರಬೇಕು, ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಬೇಕು. ಊಟದ ಮೇಜಿನ ಮೇಲಿಟ್ಟು ನುಡಿಸಿದರೆ ಭುಜ, ಮಣಿಕಟ್ಟು ಎರಡೂ ಬಿಗಿಯುತ್ತವೆ.

ಇದಕ್ಕೂ ಮಿತಿಗಳಿವೆ. ನೂರಾರು ತಂತಿಗಳು ಒಂದಕ್ಕೊಂದು ಸ್ಪಂದಿಸಿ ಹುಟ್ಟುವ ನಾದದ ತುಂಬು ಅದರಲ್ಲಿ ಹಾಗೆಯೇ ಬರುವುದಿಲ್ಲ. ಹಳತಾದಂತೆ ಬಿಡಿಭಾಗಗಳು ಸಿಗುವುದು ಕಷ್ಟ, ಮರುಮಾರಾಟದ ಬೆಲೆಯೂ ಬೇಗ ಇಳಿಯುತ್ತದೆ. ಮೇಲಿನ ದರ್ಜೆಗೆ ಹೋದ ವಿದ್ಯಾರ್ಥಿಗೆ ವಾರಕ್ಕೊಮ್ಮೆಯಾದರೂ ತಂತಿಯ ಪಿಯಾನೊ ಸಿಗುವಂತೆ ನೋಡಿಕೊಳ್ಳಬೇಕಾಗುತ್ತದೆ.

ಕೀಬೋರ್ಡ್ ಸಾಲದೆ?

ಅಗ್ಗದ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ 61 ಕೀಲಿಗಳು. ಅವುಗಳನ್ನು ಮೇಲೆತ್ತುವುದು ಭಾರವಲ್ಲ, ಸ್ಪ್ರಿಂಗ್. ಕೆಲವು ಮಾದರಿಗಳು ಒತ್ತಿದ ವೇಗಕ್ಕೆ ಸ್ಪಂದಿಸುವುದೂ ಇಲ್ಲ. ಸ್ವರಗಳ ಪರಿಚಯಕ್ಕೆ, ಮಗುವಿಗೆ ನಿಜವಾಗಿ ಆಸಕ್ತಿಯಿದೆಯೇ ಎಂದು ತಿಳಿಯಲು ಮೊದಲ ಕೆಲವು ತಿಂಗಳು ಇದು ಸಾಕಾಗಬಹುದು. ಆದರೆ ಇದರ ಮೇಲೆಯೇ ಒಂದೆರಡು ವರ್ಷ ಕಲಿತ ಮಗು ನಿಜವಾದ ಪಿಯಾನೊ ಮುಂದೆ ಕುಳಿತಾಗ ಕೀಲಿಗಳು ಕಲ್ಲಿನಂತೆ ಭಾಸವಾಗುತ್ತವೆ. ಮನೆಯಲ್ಲಿ ತಪ್ಪಿಲ್ಲದೆ ನುಡಿಸಿದ ಪಾಠ ಶಿಕ್ಷಕರ ಮುಂದೆ ಮುಗ್ಗರಿಸುತ್ತದೆ. ಬೈಗುಳ ಬೀಳುವುದು ಮಗುವಿಗೆ, ತಪ್ಪು ವಾದ್ಯದ್ದು.

ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಲ್ಲಿ ಪಿಯಾನೊಗೂ ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಬೇರೆ ಬೇರೆ ಪಠ್ಯಕ್ರಮಗಳಿರುವುದು ಇವೆರಡೂ ಬೇರೆ ವಾದ್ಯಗಳೆಂಬುದಕ್ಕೆ ಸಾಕ್ಷಿ. ಮಗು ಕಲಿಯುತ್ತಿರುವುದು ಯಾವುದನ್ನು ಎಂದು ಶಿಕ್ಷಕರನ್ನು ಮೊದಲೇ ಕೇಳಿಕೊಂಡರೆ ಮುಂದಿನ ಎಷ್ಟೋ ಖರ್ಚು ಉಳಿಯುತ್ತದೆ.

ಮಗು ಪಾಠ ಮುಂದುವರಿಸುವುದೋ ಇಲ್ಲವೋ ಎಂಬ ಅನುಮಾನವಿರುವ ಮನೆಗಳಿಗೆ ಹೆಲ್ಬಿಯ ಕಾಲದ ಉಪಾಯ ಈಗಲೂ ಉಪಯುಕ್ತ. ಬಾಡಿಗೆಗೆ ಸಿಗುವ ಕಡೆ ಆರು ತಿಂಗಳು ಬಾಡಿಗೆಗೆ ತರಬಹುದು. ಬಳಸಿದ ಡಿಜಿಟಲ್ ಪಿಯಾನೊವನ್ನು ಪರೀಕ್ಷಿಸಿ ಕೊಳ್ಳಬಹುದು. ಇಲ್ಲವೇ ಶಿಕ್ಷಕರ ಮನೆಯಲ್ಲಿ, ಶಾಲೆಯಲ್ಲಿ, ಚರ್ಚಿನಲ್ಲಿ ಸುಮ್ಮನಿರುವ ಪಿಯಾನೊವನ್ನು ನಿಗದಿತ ಸಮಯಕ್ಕೆ ನುಡಿಸಲು ಅನುಮತಿ ಕೇಳಬಹುದು.

ಮಧ್ಯಮ ವರ್ಗದ ಮನೆಗೆ ಇಂದು ಹೆಚ್ಚು ಹೊಂದುವುದು ಭಾರದ ಕೀಲಿಗಳಿರುವ ಸರಳ ಡಿಜಿಟಲ್ ಪಿಯಾನೊ ಎನ್ನಬಹುದು. ಶ್ರುತಿ ಮಾಡುವವರು ಹತ್ತಿರದಲ್ಲಿದ್ದು, ಗಟ್ಟಿ ಬಿರಡೆಗಳ ಹಳೆಯ ಅಪ್‌ರೈಟ್ ಸಿಕ್ಕರೆ, ಇಡಲು ಜಾಗವೂ ಇದ್ದರೆ ಅದು ಭಾಗ್ಯವೇ. ಎರಡರಲ್ಲಿ ಯಾವುದನ್ನು ಆರಿಸಿದರೂ ಕ್ರಿಸ್ತೊಫೊರಿ ಮುನ್ನೂರು ವರ್ಷಗಳ ಹಿಂದೆ ಬಗೆಹರಿಸಿದ ಪ್ರಶ್ನೆಯನ್ನೇ ಅಂಗಡಿಯಲ್ಲೂ ಕೇಳಬೇಕು: ಮಗು ಮೆಲ್ಲಗೆ ಒತ್ತಿದರೆ ಈ ವಾದ್ಯ ಮೆಲ್ಲಗೆ ನುಡಿಯುತ್ತದೆಯೇ? ಇಲ್ಲವೆಂದಾದರೆ, ಎಷ್ಟು ಕಡಿಮೆ ಬೆಲೆಗೆ ಸಿಕ್ಕರೂ ಅದು ದುಬಾರಿಯೇ.