ಜಾತ್ರೆಯ ಡಬ್ಬಿ, ಅಮಿಡಾದ ಪರದೆ

ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ. ಭದ್ರಾವತಿಯಿಂದ ಅಪ್ಪನ ಜೊತೆ ಹೋದಾಗಲೆಲ್ಲ ನಾನು ಹಟ ಹಿಡಿದು ತರುತ್ತಿದ್ದುದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಮೂರು ಉಕ್ಕಿನ ಗುಂಡು, ಮೂರು ಕುಳಿ. ಎರಡನೆಯ ಗುಂಡನ್ನು ಕೂರಿಸಲು ಡಬ್ಬಿ ವಾಲಿಸುವಷ್ಟರಲ್ಲಿ ಮೊದಲನೆಯದು ಹೊರಗೆ ಉರುಳಿರುತ್ತಿತ್ತು. ಮೊನ್ನೆ ಬಸ್ಸಿನಲ್ಲಿ ನನ್ನ ತಂಗಿಯ ಮಗ ಕಾರು ಓಡಿಸುವ ಆಟ ಆಡುತ್ತಾ ಫೋನನ್ನು ಥೇಟ್ ಹಾಗೇ ವಾಲಿಸುತ್ತಿದ್ದ. "ಮಾವ, ಇದನ್ನ ಕಂಡುಹಿಡಿದಿದ್ದು ಐಫೋನಿನವರಾ?" ಎಂದು ಕೇಳಿದ. ಅವರಿಗಿಂತ ಮೊದಲೇ ಬೆಂಗಳೂರಿನವರು ಮಾಡಿ ತೋರಿಸಿದ್ದರು ಕಣೋ ಎಂದೆ. ಅವನು ನಂಬಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರು 1999ರಲ್ಲಿ ಕೈಜೋಡಿಸಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಓದು ಬಾರದವರೂ ಬಳಸಬಲ್ಲ, ಅಂಗೈಯಲ್ಲಿ ಹಿಡಿಯುವ, ಅಗ್ಗದ ಕಂಪ್ಯೂಟರು ಅವರ ಗುರಿ. ಊರಿಗೊಂದು ಯಂತ್ರವಿದ್ದರೆ ಸಾಕು, ಪ್ರತಿಯೊಬ್ಬರ ವಿವರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಲಿ ಎಂದು ಯೋಚಿಸಿದ್ದರು. ಬಾವಿಗೆ ಅವರವರ ಕೊಡ ತರುವ ಹಾಗೆ. ನನಗೆ ಇಡೀ ಯೋಜನೆಯಲ್ಲಿ ಅತಿ ಸುಂದರವಾಗಿ ಕಾಣುವುದು ಇದೇ. ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳಲು 'ಧ್ವನಿ' ಎಂಬ ತಂತ್ರಾಂಶ ಬರೆದರು. ಕನ್ನಡವೂ ಅದಕ್ಕೆ ಬರುತ್ತಿತ್ತು.

ಮೊದಲ ಮಾದರಿ ಹೊರಬಂದದ್ದು 2001ರಲ್ಲಿ. 2004ರ ಮಾರ್ಚ್‌ನಲ್ಲಿ ಈ ಪ್ರಾಧ್ಯಾಪಕರ ಪಿಕೊಪೆಟಾ ಕಂಪನಿ ಮತ್ತು ಬಿಇಎಲ್ ಸೇರಿ 'ಅಮಿಡಾ' ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದವು. ಅದರೊಳಗೊಂದು ಆಕ್ಸೆಲೆರೋಮೀಟರ್, ಅಂದರೆ ಅಲುಗಾಟ ಅಳೆಯುವ ಚಿಪ್ ಇತ್ತು. ಪುಟ ತಿರುವುವುದಕ್ಕೂ ಆಟಕ್ಕೂ ಯಂತ್ರವನ್ನೇ ಅಲುಗಿಸಬಹುದಿತ್ತು. ಇಂಥ ಚಿಪ್‌ನೊಳಗೆ ತೀರ ಸಣ್ಣ ಸಿಲಿಕಾನ್ ತುಣುಕೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ತೂಗಾಡುತ್ತಿರುತ್ತದೆ. ಯಂತ್ರ ವಾಲಿದರೆ ಭೂಮಿಯ ಸೆಳೆತಕ್ಕೆ ಆ ತುಣುಕು ಕೂದಲೆಳೆಗಿಂತ ಕಡಿಮೆ ಸರಿಯುತ್ತದೆ. ಪಕ್ಕದ ತಗಡುಗಳ ನಡುವಿನ ವಿದ್ಯುತ್ ಧಾರಕತೆ ಬದಲಾಗುತ್ತದೆ. ಆ ಬದಲಾವಣೆಯಿಂದ ಕೆಳಗು ಯಾವ ಕಡೆ ಎಂಬುದು ಯಂತ್ರಕ್ಕೆ ಗೊತ್ತಾಗುತ್ತದೆ. ಜಾತ್ರೆಯ ಡಬ್ಬಿಯ ಗುಂಡಿಗೂ ಗೊತ್ತಿದ್ದುದು ಅಷ್ಟೇ. ಐಫೋನ್ ಬಂದದ್ದು ಇದಾದ ಮೂರು ವರ್ಷಕ್ಕೆ, 2007ರಲ್ಲಿ.

ಆದರೂ ಜಗತ್ತಿನಲ್ಲಿ ಮೊದಲಿಗರು ನಾವೇ ಎನ್ನಲು ನನಗೆ ಮನಸ್ಸಿಲ್ಲ. ಜಪಾನಿನ ನಿಂಟೆಂಡೊ 2000ದಲ್ಲೇ ಗೇಮ್ ಬಾಯ್ ಎಂಬ ಕೈಯಾಟಿಕೆಯ ಕಿರ್ಬಿ ಆಟದ ಕಾರ್ಟ್ರಿಜ್‌ನಲ್ಲಿ ಇಂಥ ಚಿಪ್ ಕೂರಿಸಿತ್ತು.

ಅಮಿಡಾ ಮಾತ್ರ ಹೆಚ್ಚು ಮಾರಾಟವಾಗಲಿಲ್ಲ. 50,000 ಮಾರುವ ಗುರಿಯಿತ್ತು, 2005ರ ಹೊತ್ತಿಗೆ ಹೋದದ್ದು ಸುಮಾರು 4,000. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಹಬ್ಬತೊಡಗಿತ್ತು. ಆ 4,000ದಲ್ಲಿ ಒಂದಾದರೂ ನಮ್ಮ ಜಿಲ್ಲೆಯ ಯಾವುದಾದರೂ ಶಾಲೆಗೆ ಬಂದಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಧ್ವನಿಯ ಕೋಡು ಮಾತ್ರ ಉಳಿಯಿತು. ಅದನ್ನು ಮುಕ್ತವಾಗಿ ಬಿಟ್ಟಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಕೈಗೆತ್ತಿಕೊಂಡು ಮಲಯಾಳ ಮತ್ತಿತರ ಭಾಷೆಗಳಿಗೆ ಹಬ್ಬಿಸಿದರು. ಯಂತ್ರ ನಿಂತ ಮೇಲೂ ಅದು ಮಾತಾಡುತ್ತಲೇ ಇತ್ತು.